ಎರಿನಿಯರು ಬೆನ್ನು ಹತ್ತಿದರೆ: ಬಳಕೆದಾರರ ಕೈಪಿಡಿ

ಈ ಕೈಪಿಡಿ ನಿಮಗೆ ಬೇಕೋ ಬೇಡವೋ, ಮೊದಲು ನೋಡಿಕೊಳ್ಳಿ. ಹೆತ್ತವರನ್ನು ಕೊಂದಿದ್ದರೆ, ಇಟ್ಟ ಆಣೆಗೆ ತಪ್ಪಿದ್ದರೆ ಬೇಕು. ಗಂಡನನ್ನು ಕೊಂದಿದ್ದರೆ ಬೇಡ. ಗಂಡ ರಕ್ತಸಂಬಂಧಿಯಲ್ಲ, ಆ ಕೇಸು ನಮಗೆ ಬರುವುದಿಲ್ಲ ಎಂದು ಈಸ್ಕಿಲಸನ ನಾಟಕದಲ್ಲಿ ಗ್ರೀಕರ ಈ ಸೇಡಿನ ದೇವತೆಯರೇ ಕೈಚೆಲ್ಲಿದ್ದಾರೆ. ‘ಇದು ನಮ್ಮ ಸ್ಟೇಷನ್ ಲಿಮಿಟ್ಟಲ್ಲ’ ಅನ್ನುವ ಮಾತು ಅಷ್ಟು ಹಳೆಯದು.

ಗುರುತು: ಕಪ್ಪು ಬಟ್ಟೆ, ತಲೆತುಂಬ ಹಾವು, ಕಣ್ಣಿಂದ ತೊಟ್ಟಿಕ್ಕುವ ರಕ್ತ. ಅಲೆಕ್ಟೊ, ಮೆಗೇರಾ, ಟಿಸಿಫೊನೆ ಎಂಬ ಹೆಸರುಗಳುಂಟು, ಆದರೆ ಕೂಗಿ ಕರೆಯಲು ಹೋಗಬೇಡಿ. ಕ್ರೋನಸ್ ತನ್ನ ತಂದೆ ಯುರೇನಸನ ಪುರುಷತ್ವ ಕತ್ತರಿಸಿದಾಗ ನೆಲಕ್ಕೆ ಬಿದ್ದ ರಕ್ತದಿಂದ ಹುಟ್ಟಿದವರು ಇವರು ಎನ್ನುತ್ತಾನೆ ಕವಿ ಹೆಸಿಯಡ್. ಮಗ ಅಪ್ಪನ ಮೇಲೆ ಕೈಮಾಡಿದ್ದೇ ತಡ, ವಸೂಲಿಗೆ ಬರುವವರೂ ತಯಾರು. ಪಕ್ಕದಲ್ಲಿದ್ದವರಿಗೆ ಇವರು ಕಾಣದೇ ಇರಬಹುದು. ತಾಯಿ ಕ್ಲೈಟೆಮ್ನೆಸ್ಟ್ರಾಳನ್ನು ಕೊಂದ ಒರೆಸ್ಟಿಸನೊಬ್ಬನಿಗೇ ಮೊದಲು ಕಂಡಿದ್ದರು.

ಓಡುವುದರಿಂದ ಪ್ರಯೋಜನವಿಲ್ಲ, ರಕ್ತದ ವಾಸನೆ ಹಿಡಿದೇ ಬರುತ್ತಾರೆ. ಡೆಲ್ಫಿಯಲ್ಲಿ ಹಂದಿಮರಿಯ ರಕ್ತದಿಂದ ಶುದ್ಧಿ ಮಾಡಿಸಿಕೊಳ್ಳಬಹುದು. ಒರೆಸ್ಟಿಸ್ ಮಾಡಿಸಿಕೊಂಡ, ದೇವತೆಯರು ಗೊರಕೆ ಹೊಡೆಯುತ್ತ ಮಲಗಿದ್ದರು. ಸತ್ತ ತಾಯಿಯ ಪ್ರೇತ ಬಂದು ಬೈದು ಎಬ್ಬಿಸಿತು. ಮೆಗಲೊಪೊಲಿಸ್ ಬಳಿ ಅವನು ತನ್ನ ಬೆರಳನ್ನೇ ಕಚ್ಚಿ ತುಂಡರಿಸಿದನೆಂದೂ, ಆಗ ಕಪ್ಪಗಿದ್ದ ದೇವತೆಯರು ಬೆಳ್ಳಗೆ ಕಂಡರೆಂದೂ ಅಲ್ಲಿಯವರು ಹೇಳುತ್ತಿದ್ದುದನ್ನು ಪ್ರವಾಸಿ ಪೌಸೇನಿಯಸ್ ಬರೆದಿಟ್ಟಿದ್ದಾನೆ. ಇದು ಕೊನೆಯ ಉಪಾಯವಾಗಿರಲಿ.

ಕೋರ್ಟಿಗೂ ಹೋಗಬಹುದು. ಕ್ರಿ.ಪೂ. 458ರಲ್ಲಿ ಆಡಿದ ಈಸ್ಕಿಲಸನ ಆ ನಾಟಕದಲ್ಲಿ ಅಥೆನ್ಸಿನ ಅರಿಯೊಪೇಗಸ್ ಗುಡ್ಡದ ಮೇಲೆ ಒರೆಸ್ಟಿಸನ ವಿಚಾರಣೆ ನಡೆಯಿತು. ಮಗುವಿಗೆ ಜನ್ಮದಾತ ತಂದೆಯೊಬ್ಬನೇ, ತಾಯಿ ಬರೀ ಬೀಜ ಕಾಯುವವಳು ಎಂದು ಅವನ ಪರವಾಗಿ ದೇವರು ಅಪೊಲೊ ವಾದಿಸಿದ. ಇಷ್ಟು ಕೆಟ್ಟ ವಕೀಲಿಕೆಗೂ ಮತ ಸಮಸಮ ಬಿದ್ದು ಆರೋಪಿ ಬಿಡುಗಡೆಯಾದ. ಆದರೂ ದೇವತೆಯರ ಸಿಟ್ಟು ಇಳಿಯಲಿಲ್ಲ. ಊರದೇವಿ ಅಥೀನಾ ಪುಸಲಾಯಿಸಿ, ಅಲ್ಲೇ ಇರಲು ಜಾಗ, ಪೂಜೆ ಗೊತ್ತುಮಾಡಿ ಕೊಟ್ಟ ಮೇಲೇ ತಣ್ಣಗಾದದ್ದು. ನನ್ನನ್ನು ಕೇಳಿದರೆ ತೀರ್ಪಿಗಿಂತ ಕೆಲಸಕ್ಕೆ ಬಂದದ್ದು ಆ ಮನೆ.

ಈ ದೇವತೆಯರ ಬನಕ್ಕೇ ಕಾಲಿಟ್ಟುಬಿಟ್ಟಿದ್ದರೆ ಸೋಫೋಕ್ಲಿಸ್ ತನ್ನ ನಾಟಕದಲ್ಲಿ ಅಥೆನ್ಸ್ ಬಳಿಯ ಕೊಲೋನಸ್ಸಿನ ಊರವರ ಬಾಯಲ್ಲಿ ಹೇಳಿಸಿರುವ ವಿಧಿಯಿದೆ. ಕೈ ತೊಳೆದುಕೊಂಡು, ಬತ್ತದ ಒರತೆಯಿಂದ ನೀರು ತನ್ನಿ. ಪಾತ್ರೆಗಳ ಕಂಠಕ್ಕೂ ಹಿಡಿಗೂ ಹೆಣ್ಣು ಕುರಿಮರಿಯಿಂದ ಆಗಷ್ಟೇ ಕತ್ತರಿಸಿದ ಉಣ್ಣೆ ಸುತ್ತಿ. ಪೂರ್ವಕ್ಕೆ ಮುಖಮಾಡಿ ನಿಂತು ಎರೆಯಿರಿ. ಕೊನೆಯ ಪಾತ್ರೆಯನ್ನು ಪೂರ್ತಿ ಬರಿದು ಮಾಡಬೇಕು. ಅದರಲ್ಲಿ ನೀರು ಮತ್ತು ಜೇನು ಮಾತ್ರ, ವೈನ್ ಖಂಡಿತ ಕೂಡದು. ಎರೆದ ನೆಲದ ಮೇಲೆ ಮೂರು ಸಲ ಒಂಬತ್ತರಂತೆ ಆಲಿವ್ ಕಡ್ಡಿಗಳನ್ನು ಎರಡೂ ಕೈಯಿಂದ ಇಡಿ. ಪ್ರಾರ್ಥನೆ ತುಟಿಯೊಳಗೇ ಇರಲಿ. ಹಿಂದಿರುಗಿ ನೋಡದೆ ಹೊರಡಿ.

ಕೈಲಾಗದವರು ಬೇರೆಯವರನ್ನು ಕಳಿಸಬಹುದು. ಆ ನಾಟಕದಲ್ಲಿ ಬನಕ್ಕೆ ಕಾಲಿಟ್ಟಿದ್ದ ಕುರುಡ ಈಡಿಪಸ್ ಮಗಳು ಇಸ್ಮೆನೆಯನ್ನು ಕಳಿಸಿದ. ಹಾಗೆ ಹೋದವಳನ್ನು ಸೋದರಮಾವ ಕ್ರಿಯಾನನ ಕಡೆಯವರು ಹಿಡಿದುಕೊಂಡರು. ಸ್ವಂತ ನೆಂಟರಿಂದ ಆಗುವ ತೊಂದರೆಗೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.