ಸ್ಟೇರಿಂಗ್ ಆಯಿಲ್ ಖರ್ಚಾಗುವುದಿಲ್ಲ, ಸೋರುತ್ತದೆ

ಹಳದಿ ಬೋರ್ಡಿನ ಸುಮೊ, ಕ್ವಾಲಿಸ್, ಇನ್ನೋವಾ ಓಡಿಸುವ ಅಣ್ಣಂದಿರಿಗೆ ನಮಸ್ಕಾರ.

ಎಂಜಿನ್ ಆಯಿಲ್, ಟೈರಿನ ಗಾಳಿ, ಡೀಸೆಲ್ ಲೆಕ್ಕ ನಿಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆಯುಧಪೂಜೆಗೆ ಸ್ಟೇರಿಂಗಿಗೆ ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಹೊರಡುತ್ತೀರಿ. ಅದೇ ಸ್ಟೇರಿಂಗನ್ನು ಹಗುರಾಗಿಸುವ ಎಣ್ಣೆಯ ಡಬ್ಬಿಯನ್ನು ಮಾತ್ರ ಎಷ್ಟೋ ಜನ ವರ್ಷಗಟ್ಟಲೆ ತೆರೆದು ನೋಡುವುದಿಲ್ಲ. ಅದಕ್ಕಾಗಿಯೇ ಈ ಪತ್ರ.

ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಎಲೆಕ್ಟ್ರಿಕ್ ಸ್ಟೇರಿಂಗ್. ಅವಕ್ಕೆ ಈ ಎಣ್ಣೆಯೇ ಬೇಡ. ನಿಮ್ಮವು ಹೆಚ್ಚಾಗಿ ಹೈಡ್ರಾಲಿಕ್. ಎಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತಡದಲ್ಲಿ ಕೆಳಗೆ ದೂಡುತ್ತದೆ, ನಿಮ್ಮ ತೋಳು ಮಾಡಬೇಕಾದ ಕೆಲಸವನ್ನು ಆ ಒತ್ತಡ ಮಾಡಿಕೊಡುತ್ತದೆ. ಎಣ್ಣೆ ತಿರುಗಿ ಡಬ್ಬಿಗೇ ಬರುತ್ತದೆ. ಅದು ಸುಟ್ಟು ಖರ್ಚಾಗುವ ದಾರಿಯೇ ಇಲ್ಲ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಬರೀ ಟಾಪ್ ಅಪ್ ಮಾಡಿಸಿ ಹೊರಟರೆ ಸೋರಿಕೆ ನಿಮ್ಮ ಜೊತೆಗೇ ಬರುತ್ತದೆ. ಹೋಸಿನ ಕ್ಲಿಪ್ಪು, ಪಂಪಿನ ಸೀಲು, ರ್ಯಾಕ್ ಇದ್ದರೆ ಅದರ ತುದಿಯ ರಬ್ಬರ್ ಬೂಟು, ಇಷ್ಟನ್ನೂ ಮೆಕ್ಯಾನಿಕ್ ಕೈಯಲ್ಲಿ ಮುಟ್ಟಿ ನೋಡಿಸಿ.

ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ. ಡಬ್ಬಿಯ ಮೇಲೆ ಮಿನ್, ಮ್ಯಾಕ್ಸ್ ಗೆರೆಗಳಿರುತ್ತವೆ. ಕೆಲವುಗಳಲ್ಲಿ ಬಿಸಿ ಎಣ್ಣೆಗೊಂದು, ತಣ್ಣನೆಯದಕ್ಕೊಂದು ಗುರುತು. ಬಣ್ಣವನ್ನೂ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆಯನ್ನೇ ಬದಲಿಸಬೇಕು. ನೊರೆ ಕಂಡರೆ ಗಾಳಿ ಸೇರಿದೆ. ಪೂರ್ತಿ ತಿರುಗಿಸಿದಾಗ ಪಂಪು ಗೊಂಯ್‌ಗುಟ್ಟುವುದು ಜೋರಾಗುತ್ತಿದ್ದರೆ ಅದನ್ನು ಹಾಡು ಹಾಕಿ ಮುಚ್ಚಬೇಡಿ. ಹಾಗೆ ಪೂರ್ತಿ ತಿರುಗಿಸಿ ಹಿಡಿದೇ ಇರುವುದೂ ಪಂಪಿಗೆ ಒಳ್ಳೆಯದಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಮಾತ್ರ ಇನ್ನೊಂದು: ಕೈಗೆ ಸಿಕ್ಕ ಎಣ್ಣೆ ಸುರಿಯುವುದು. ಬಹಳ ಗಾಡಿಗಳಿಗೆ ಕೆಂಪು ಬಣ್ಣದ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ) ಬೇಕು, ಕೆಲವಕ್ಕೆ ಬೇರೆಯದೇ. ಮುಚ್ಚಳ ಅಥವಾ ಗಾಡಿಯ ಪುಸ್ತಕ ನೋಡಿಯೇ ಹಾಕಿ. ಬ್ರೇಕ್ ಆಯಿಲ್ ಅಂತೂ ಖಂಡಿತ ಬೇಡ. ಅದು ಸ್ಟೇರಿಂಗಿನ ಸೀಲುಗಳನ್ನು ಹಾಳುಮಾಡುತ್ತದೆ. ಸ್ಟೇರಿಂಗ್ ಆಯಿಲ್ ಬ್ರೇಕಿನ ಡಬ್ಬಿಗೆ ಬಿದ್ದರೆ ಇನ್ನೂ ಅಪಾಯ: ಅಲ್ಲಿನ ರಬ್ಬರ್ ಉಬ್ಬಿ ಬ್ರೇಕೇ ಕೈಕೊಡಬಹುದು.

ಎಣ್ಣೆ ಬರಿದಾದರೂ ಬೆಲ್ಟು ಕಡಿದರೂ ಚಕ್ರ ತಿರುಗುತ್ತದೆ, ನಿಜ. ಆದರೆ ಭಾರವನ್ನೆಲ್ಲ ಒಮ್ಮೆಲೇ ತೋಳೇ ಹೊರಬೇಕು. ಮಳೆಗಾಲದ ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ, ಗಾಡಿ ತುಂಬ ಜನರಿರುವಾಗ, ಆ ಗಳಿಗೆ ನಿಮಗೆ ಬರಬಾರದು. ಘಾಟಿ ಇಳಿಯುವ ಬಾಡಿಗೆ ಒಪ್ಪಿಕೊಂಡ ದಿನ ಹೊರಡುವ ಮೊದಲು ಡಬ್ಬಿ ನೋಡಿ. ಮಾಲೀಕರು ಬೇರೆಯವರಾದರೆ, ಹೊಸ ಹೋಸಿನ ದುಡ್ಡನ್ನು ಸಂಕೋಚಪಡದೆ ಕೇಳಿ.

ಇಂತಿ,
ನಿಮ್ಮ ಹಿಂದಿನ ಸೀಟಿನ ಪ್ರಯಾಣಿಕ