ಅಟ್ಟಶಾಸ್ತ್ರ: ಹೊಸೂರು ಸೀಮೆಯ ‘ಇರ್ಲಿ ಬಿಡು’ ತತ್ತ್ವದ ಮೇಲೊಂದು ಸಂಶೋಧನೆ

ಕೌಟಿಲ್ಯ ಅರ್ಥಶಾಸ್ತ್ರ ಬರೆದ, ಅಟ್ಟಶಾಸ್ತ್ರ ಬರೆಯಲಿಲ್ಲ. ಅವನ ಕಾಲದಲ್ಲಿ ಕಮೋಡ್ ಕುರ್ಚಿ, ನೆಬ್ಯುಲೈಸರ್, ಕೆಟ್ಟ ಮಿಕ್ಸಿ ಇರಲಿಲ್ಲವಾದ್ದರಿಂದ ಈ ಲೋಪವನ್ನು ಕ್ಷಮಿಸಬಹುದು. ಆಮೇಲಿನ ಪಂಡಿತರೆಲ್ಲ ತಮ್ಮ ತಲೆಯ ಮೇಲೇ ಇದ್ದ ವಿಷಯದತ್ತ ತಲೆ ಎತ್ತದೆ ಹೋದದ್ದಕ್ಕೆ ಮಾತ್ರ ಕ್ಷಮೆಯಿಲ್ಲ. ಆ ಕೊರತೆ ನೀಗಲೆಂದು ಪ್ರಸ್ತುತ ಪ್ರಬಂಧವು ಹೊಸೂರು-ಕೃಷ್ಣಗಿರಿ ಸೀಮೆಯ ಅಟ್ಟ, ಸಜ್ಜ, ತಮಿಳರ ‘ಪರಣ್’, ಫ್ಲ್ಯಾಟಿನವರ ‘ಲಾಫ್ಟ್’ ಇವುಗಳನ್ನು ಸ್ಟೂಲು ಹತ್ತಿ ಪರಿಶೀಲಿಸಿದೆ.

ಕ್ಷೇತ್ರದ ಆಯ್ಕೆಗೆ ಕಾರಣವಿದೆ. ಹೆಸರು ಹೊಸ ಊರು, ಅಟ್ಟದಲ್ಲಿರುವುದೆಲ್ಲ ಹಳತು. ಊರಿಗೆ ಹಿಂದೆ ಸೆವಿಡಪಾಡಿ ಎಂಬ ಹೆಸರಿತ್ತು. ಸೆವಿಡೈ ಅಂದರೆ ಶಿವ ಎನ್ನುತ್ತಾರೆ ತಿಳಿದವರು. ಅದನ್ನು ‘ಸೆವಿಡು’, ಅಂದರೆ ಕಿವುಡು ಎಂದು ಓದಿ, ಅಟ್ಟಗಳಲ್ಲಿ ಸಿಗುವ ಕಿವಿ ಮೆಷೀನುಗಳಿಗೆ ಚಾರಿತ್ರಿಕ ಆಧಾರ ಒದಗಿಸುವ ಆಸೆ ಪ್ರಬಂಧಕಾರರಿಗಿತ್ತು. ಬೆಟ್ಟದ ಮೇಲಿನ ಚಂದ್ರಚೂಡೇಶ್ವರನಿಗೆ ಹೆದರಿ ಕೈಬಿಟ್ಟಿದ್ದಾರೆ. ಇನ್ನು ಅಟ್ಟದ ಕಬ್ಬಿಣದ ಟ್ರಂಕು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಬಂತು. ನಡುವೆ ಮದ್ರಾಸ್ ರಾಜ್ಯ ಹೋಗಿ ತಮಿಳುನಾಡಾಯಿತು. ಟ್ರಂಕು ಒಂದಂಗುಲವೂ ಕದಲಿಲ್ಲ.

ಬ್ರಿಟನ್ನಿನ ಮೈಕೆಲ್ ಥಾಮ್ಸನ್ ಎಂಬ ವಿದ್ವಾಂಸರು 1979ರಲ್ಲಿ ಕಸಕ್ಕೇ ಒಂದು ಸಿದ್ಧಾಂತ ಕಟ್ಟಿದರು. ಬೆಲೆ ಇಳಿಯುವ ವಸ್ತು ಒಂದು ಬಗೆ, ಏರುವ ವಸ್ತು ಇನ್ನೊಂದು, ಬೆಲೆಯೇ ಇಲ್ಲದ ಕಸ ಮತ್ತೊಂದು. ಕಸವಾಗಿ ಸಾಕಷ್ಟು ಕಾಲ ಬಿದ್ದಿದ್ದ ಕೆಲವು ವಸ್ತುಗಳು ಮತ್ತೆ ಮೇಲೇರುತ್ತವೆ ಎಂಬುದು ಅದರ ಸಾರ. ಬಚ್ಚಲುಮನೆಯ ತಾಮ್ರದ ಹಂಡೆ ಈಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ಮನಿಪ್ಲಾಂಟ್ ಹೊತ್ತು ನಿಂತಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಥಾಮ್ಸನ್ ಹೊಸೂರಿನ ಅಟ್ಟ ಹತ್ತಿದ್ದರೆ ನಾಲ್ಕನೆಯ ಬಗೆಯೊಂದು ಸಿಗುತ್ತಿತ್ತು: ‘ಇರ್ಲಿ ಬಿಡು’. ಕನ್ನಡದವರು ಇರ್ಲಿ ಬಿಡು ಅಂದರೆ ತೆಲುಗಿನವರು ಉಂಡನೀಲೇ, ತಮಿಳರು ಇರುಕ್ಕಟ್ಟುಂ, ಉರ್ದುವಿನವರು ರೆಹನೇ ದೋ. ಭಾಷಾವಾರು ಪ್ರಾಂತದ ಗೆರೆ ಈ ಒಂದು ವಿಷಯದಲ್ಲಿ ಯಾರನ್ನೂ ಬೇರೆ ಮಾಡಿಲ್ಲ.

‘ಹೊಗಳಿ ಅಟ್ಟಕ್ಕೇರಿಸುವುದು’ ಎಂಬ ನುಡಿಗಟ್ಟು ಅಲಂಕಾರವಲ್ಲ, ಕಾರ್ಯವಿಧಾನ. ‘ಚೆನ್ನಾಗೇ ಇದೆ’, ‘ಅವಾಗ್ಲೇ ಎಂಟು ಸಾವಿರ ಕೊಟ್ಟಿದ್ವಿ’, ‘ಈಗೆಲ್ಲ ಇಂಥಾ ಗಟ್ಟಿ ಮಾಲು ಬರಲ್ಲ’ ಎಂದು ವಸ್ತುವನ್ನು ಮೂರು ಸಲ ಹೊಗಳಬೇಕು. ನಾಲ್ಕನೆಯ ಸಲಕ್ಕೆ ಅದು ಮೇಲಿರುತ್ತದೆ.

ಔಷಧೋಪಚಾರದ ಸಾಮಾನಿಗೆ ಹೊಗಳಿಕೆಯೂ ಬೇಡ. ತಾತ ಹೋದ ಹದಿಮೂರನೆಯ ದಿನಕ್ಕೇ ವಾಕರ್ ಕೊಟ್ಟುಬಿಟ್ಟರೆ ನೆಂಟರು ‘ಇಷ್ಟು ಬೇಗನಾ?’ ಎನ್ನುತ್ತಾರೆ. ಇಟ್ಟುಕೊಂಡರೆ ‘ಇನ್ಯಾರಿಗೆ ಅಂತ?’ ಎನ್ನುತ್ತಾರೆ. ಬೇಕಾದವರಿಗೂ ಬಾಯಿ ಬಾರದು; ಸಾವಾದ ಮನೆಗೆ ಹೋಗಿ ಕಮೋಡ್ ಕುರ್ಚಿ ಕೇಳುವುದು ಹೇಗೆ? ಕೊಡಬಲ್ಲವರು ಒಂದು ಬೀದಿಯಲ್ಲಿ, ಬೇಕಾದವರು ಪಕ್ಕದ ಬೀದಿಯಲ್ಲಿ, ನಡುವೆ ಸಂಕೋಚ. ಪಕ್ಕದ ಬೀದಿಯವರು ಹೊಸದನ್ನೇ ಕೊಳ್ಳುತ್ತಾರೆ. ವರ್ಷ ತಿರುಗುವುದರೊಳಗೆ ಅವರ ಅಟ್ಟವೂ ಸಂಶೋಧನೆಗೆ ಸಿದ್ಧ.

2021ರ ಏಪ್ರಿಲ್-ಮೇ ತಿಂಗಳಲ್ಲಿ ಕೋವಿಡ್ ವೇಳೆ ಪರದಾಡಿ ತಂದ ಆಮ್ಲಜನಕದ ಕಾನ್ಸಂಟ್ರೇಟರುಗಳ ಕಥೆಯಂತೂ ಕರುಣರಸದ್ದು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಯಂತ್ರದೊಳಗಿನ ಜಿಯೋಲೈಟ್ ಹರಳುಗಳು ಅದನ್ನು ಹಿಡಿದಿಟ್ಟು ಆಮ್ಲಜನಕವನ್ನು ಹೊರಗೆ ಬಿಡುತ್ತವೆ. ಓಡಿಸದೆ ಸುಮ್ಮನೆ ಇಟ್ಟರೆ ಆ ಹರಳುಗಳು ತೇವ ಹೀರಿ ಸೋಲುತ್ತವೆ. ಆದ್ದರಿಂದಲೇ ಆಗಾಗ ಓಡಿಸಿ ಎನ್ನುತ್ತಾರೆ ತಯಾರಕರು. ‘ಮತ್ತೆ ಬೇಕಾಗಬಹುದು’ ಎಂದು ಜೋಪಾನ ಮಾಡಿದ ಯಂತ್ರ ಜೋಪಾನದಿಂದಲೇ ಸಾಯುತ್ತದೆ.

ವಿಲೇವಾರಿಯ ಪಂಥಗಳಲ್ಲಿ ಅತ್ಯಂತ ಪುರಾತನವೆಂದು ಹೇಳಿಕೊಳ್ಳುವುದು ಭೋಗಿ ಪಂಥ. ಸಂಕ್ರಾಂತಿಯ ಹಿಂದಿನ ದಿನ ನಸುಕಿನಲ್ಲೇ ಹಳೆಯದನ್ನೆಲ್ಲ ಸುಡುವವರು ಇವರು. ಹಳತು ಕಳಚುವುದೂ ಹೊಸತು ಸೇರುವುದೂ ತಪ್ಪಲ್ಲ ಎಂಬ ತಮಿಳು ಸೂತ್ರವೇ ಇವರಿಗೆ ಪ್ರಮಾಣ. ಆದರೆ ಅದು ‘ನನ್ನೂಲ್’ ಎಂಬ ವ್ಯಾಕರಣದ ಸೂತ್ರ. ಬರೆದವರು ಜೈನ ಮುನಿ ಪವಣಂದಿ, ಬರೆಸಿದವನು ಗಂಗ ಮನೆತನದ ಸೀಯಗಂಗ. ಮುನಿಗಳು ಹೇಳಿದ್ದು ಭಾಷೆಯ ಪದಗಳಿಗೆ. ಎಂಟು ನೂರು ವರ್ಷದಲ್ಲಿ ಅದು ಟೈರಿಗೂ ಪ್ಲಾಸ್ಟಿಕ್ ಬಕೆಟ್ಟಿಗೂ ಅನ್ವಯವಾಗಿದೆ. 2018ರ ಭೋಗಿಯ ಬೆಳಿಗ್ಗೆ ಚೆನ್ನೈಯಲ್ಲಿ ಹೊಗೆಯೂ ಮಂಜೂ ಸೇರಿ ವಿಮಾನಗಳ ಓಡಾಟವೇ ಅಸ್ತವ್ಯಸ್ತವಾಯಿತು. ವ್ಯಾಕರಣ ತಪ್ಪಾಗಿ ಓದಿದ್ದಕ್ಕೆ ವಿಮಾನ ನಿಂತ ನಿದರ್ಶನ ಬೇರೆ ಯಾವ ಭಾಷೆಯಲ್ಲಿದೆಯೋ ಕಾಣೆವು.

ಗುಜರಿ ಪಂಥದವರು ಇದಕ್ಕಿಂತ ವಿವೇಕಿಗಳು. ತಮಿಳಿನಲ್ಲಿ ಗುಜರಿ ಅಂಗಡಿಗೆ ‘ಕಾಯಲಾನ್ ಕಡೈ’ ಎನ್ನುವುದು ಕಾಯಲ್‌ಪಟ್ಟಣದ ವರ್ತಕರಿಂದ ಬಂತೆಂಬ ವಾದವಿದೆ. ಹಳೆ ಕಬ್ಬಿಣಕ್ಕೆ ಖರ್ಜೂರ ಕೊಡುವ ತಳ್ಳುಗಾಡಿಯ ಪದ್ಧತಿ ತಮಿಳುನಾಡಿನಲ್ಲಿ ಗಾದೆಯಾಗುವಷ್ಟು ಪ್ರಸಿದ್ಧ. ಕಬ್ಬಿಣ ಕೊಟ್ಟು ಕಬ್ಬಿಣಾಂಶ ಪಡೆಯುವ ಈ ವಿನಿಮಯಕ್ಕೆ ಯಾವ ಅರ್ಥಶಾಸ್ತ್ರಜ್ಞನೂ ತಪ್ಪು ಹುಡುಕಲಾರ. ಈ ಪಂಥಕ್ಕೂ ಮಿತಿಯುಂಟು. 2006ರ ನಂತರ ತಮಿಳುನಾಡು ಸರ್ಕಾರ ಪುಕ್ಕಟೆ ಹಂಚಿದ 14 ಅಂಗುಲದ ಬಣ್ಣದ ಟಿವಿಯಲ್ಲಿ ಗುಜರಿಯವರಿಗೆ ಬೇಕಾದದ್ದು ತಾಮ್ರದ ಸುರುಳಿ. ಸೀಸ ಬೆರೆತ ಗಾಜು ಅವರಿಗೂ ಬೇಡ. 2011ರ ನಂತರ ಬಂದ ಪುಕ್ಕಟೆ ಮಿಕ್ಸಿ, ಗ್ರೈಂಡರು, ಫ್ಯಾನುಗಳು ಅದೇ ಟಿವಿಯ ಪಕ್ಕದಲ್ಲಿ ಕೂತಿವೆ. ಸರ್ಕಾರಗಳು ಬದಲಾದದ್ದು ಅಟ್ಟದಲ್ಲಿ ಪದರ ಪದರವಾಗಿ ಕಾಣುತ್ತದೆ.

ಗಾಜನ್ನು ಹಗುರವಾಗಿ ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಕೊಡೈಕೆನಾಲ್ ಸಾಕ್ಷಿ. 2001ರಲ್ಲಿ ಅಲ್ಲಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಮೆತ್ತಿದ ಒಡಕು ಗಾಜು ಟನ್ನುಗಟ್ಟಲೆ ಸಿಕ್ಕಿತು. ಹಿಂದೂಸ್ತಾನ್ ಲಿವರ್ ಕಂಪನಿಯ ಥರ್ಮಾಮೀಟರ್ ಕಾರ್ಖಾನೆಯಿಂದ ಬಂದದ್ದು ಅದು. ಕಾರ್ಖಾನೆ ಮುಚ್ಚಿತು, 2003ರಲ್ಲಿ 290 ಟನ್ ತ್ಯಾಜ್ಯವನ್ನು ಅಮೆರಿಕಕ್ಕೆ ಹಡಗಿನಲ್ಲಿ ಕಳಿಸಬೇಕಾಯಿತು. ಮನೆಯ ಒಂದು ಥರ್ಮಾಮೀಟರಿನಲ್ಲಿರುವುದು ಹೆಚ್ಚುಕಡಿಮೆ ಒಂದು ಗ್ರಾಂ ಪಾದರಸ. ಒಡೆದರೆ ಪೊರಕೆ ಹಿಡಿಯದೆ, ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಮಣಿಗಳನ್ನು ಕೂಡಿಸಿ ಮುಚ್ಚಳದ ಬಾಟ್ಲಿಗೆ ಹಾಕಬೇಕು. ಅಂಗೈಯಲ್ಲಿ ಉರುಳಿಸಿ ಆಡಿದ ಬಾಲ್ಯದ ಸವಿನೆನಪನ್ನು ಮೊಮ್ಮಕ್ಕಳಿಗೆ ದಾಟಿಸಬಾರದು.

ನಿಯಮಗಳೂ ಇವೆ. 2016ರ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಆಸ್ಪತ್ರೆಯ ಕಸಕ್ಕೆ ನಾಲ್ಕು ಬಣ್ಣ: ಹಳದಿ, ಕೆಂಪು, ಬಿಳಿ, ನೀಲಿ. ಮನೆಗೆ ಒಂದೇ ಬಣ್ಣ, ಕಪ್ಪು ಕವರು. ಅದೇ ವರ್ಷದ ಘನತ್ಯಾಜ್ಯ ನಿಯಮವು ಅವಧಿ ಮುಗಿದ ಮಾತ್ರೆ, ಒಡೆದ ಥರ್ಮಾಮೀಟರ್, ಬಳಸಿದ ಸೂಜಿ ಇವುಗಳನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆಯೇ ಹೆಸರಿಸಿತ್ತು. ಸೊಪ್ಪಿನ ದಂಟಿನ ಜೊತೆ ಇನ್ಸುಲಿನ್ ಸೂಜಿ ಹೋದರೆ ಅದು ಚುಚ್ಚುವುದು ನಿಯಮ ಬರೆದವರಿಗಲ್ಲ, ಕಸ ಬೇರ್ಪಡಿಸುವ ಪೌರಕಾರ್ಮಿಕರಿಗೆ. ಖಾಲಿ ಫಿನಾಯಿಲ್ ಬಾಟ್ಲಿಯೊಂದು ಸಾಕು: ಸೂಜಿ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ ಬರೆದು, ಬೇರೆಯಾಗಿ ಕೊಡುವುದು. ಕೆಟ್ಟ ವೈದ್ಯಕೀಯ ಯಂತ್ರಗಳನ್ನು 2022ರ ಇ-ತ್ಯಾಜ್ಯ ನಿಯಮ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ.

ಪ್ರಬಂಧಕಾರರ ಒಲವು ಎರವಲು ಪಂಥದತ್ತ. ಕಾಸರಗೋಡಿನ ಕನ್ನಡಿಗರಿಗೆ ಇದು ಗೊತ್ತು: ಕೇರಳ 2008ರಲ್ಲಿ ಉಪಶಾಮಕ ಆರೈಕೆಗೆ ನೀತಿ ಮಾಡಿ ಪಂಚಾಯಿತಿಗಳನ್ನು ಒಳಗೊಂಡ ಮೇಲೆ, ಮಂಚ, ವಾಟರ್ ಬೆಡ್ಡು ಬೇಕಾದಷ್ಟು ದಿನ ರೋಗಿಯ ಮನೆಯಲ್ಲಿದ್ದು ಮರಳಿ ಬರುತ್ತವೆ. ಎರವಲು ತಂದದ್ದು ಅಟ್ಟ ಹತ್ತುವುದಿಲ್ಲ. ಅದು ಹೊಗಳಿಕೆಗೆ ಜಗ್ಗದು. ಅಮೆರಿಕದಲ್ಲಿ ತೀರಿಕೊಂಡವರ ಪೇಸ್‌ಮೇಕರುಗಳನ್ನು ಶುದ್ಧಿ ಮಾಡಿ ಮುಂಬೈಯಲ್ಲಿ 53 ಬಡ ರೋಗಿಗಳಿಗೆ ಅಳವಡಿಸಿದ ವರದಿ 2011ರಲ್ಲಿ ಪ್ರಕಟವಾಗಿತ್ತು. ಇನ್ನೊಬ್ಬರ ಎದೆಯೊಳಗಿದ್ದದ್ದು ದೇಶ ದಾಟಿ ಬರಬಹುದಾದರೆ ತಾತನ ವಾಕರ್ ಬೀದಿ ದಾಟಲು ಏನಡ್ಡಿ?

ಪ್ರಯೋಗಕ್ಕೆಂದು ಡೆಂಕಣಿಕೋಟೆ ರಸ್ತೆಯಲ್ಲೊಂದು ಮನೆಯನ್ನು ಊಹಿಸಿಕೊಳ್ಳಿ. ಅತ್ತೆ ಸ್ಟೂಲು ಹಿಡಿದಿದ್ದಾರೆ, ಸೊಸೆ ಮೇಲೆ ಹತ್ತಿದ್ದಾಳೆ.

‘ಅತ್ತೆ, ಈ ವಾಕರ್ ಎದುರುಮನೆ ತಾತಂಗೆ ಕೊಡೋಣ್ವಾ? ಬಚ್ಚಲಲ್ಲಿ ಜಾರಿ ಬಿದ್ರಂತೆ.’

‘ಕೊಡಮ್ಮ. ಆದ್ರೆ ಕೊಟ್ವಿ ಅನ್ಬೇಡ, ಬೇಕಾದಷ್ಟು ದಿನ ಇಟ್ಕೊಂಡಿರಿ ಅನ್ನು.’

ವಾಕರ್ ಬೀದಿ ದಾಟಿತು. ಮೂರು ತಿಂಗಳಿಗೆ ತಾತ ಆಸರೆಯಿಲ್ಲದೆಯೇ ಓಡಾಡತೊಡಗಿದರು. ಎದುರುಮನೆಯಾಕೆ ಅದನ್ನು ಡೆಟಾಲ್ ನೀರಲ್ಲಿ ಒರೆಸಿ ತಾವೇ ತಂದುಕೊಟ್ಟರು. ಜೊತೆಗೆ ಒಂದು ಜೊತೆ ಕಂಕುಳ ಊರುಗೋಲು, ಒಂದು ನೆಬ್ಯುಲೈಸರು.

‘ನಮ್ಮನೇಲಿ ಸುಮ್ನೆ ಬಿದ್ದಿತ್ತಮ್ಮ. ನಿಮ್ಮತ್ರಾನೇ ಇರ್ಲಿ ಬಿಡಿ.’

ಅತ್ತೆ ಸ್ಟೂಲು ತರಲು ಒಳಗೆ ಹೋದರು.