ಅಗ್ಗದ ಮನೆ

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಮಾರ್ಗದ ನೂತನ ಬಡಾವಣೆಯ ಕಚೇರಿಯಲ್ಲಿ, ಗೋಲಗುಮ್ಮಟದ ಚಿತ್ರದಡಿ ಅದರಷ್ಟೇ ಗಾಂಭೀರ್ಯದಿಂದ ಆಸೀನರಾಗಿದ್ದ ಮಾಲೀಕರನ್ನು ಬಬಲೇಶ್ವರದ ಗೌಂಡಿಯೊಬ್ಬನು ಕೈಮುಗಿದು ಕೇಳಿದನು:

“ಸಾಹೇಬ್ರ, ಬಡವರಿಗೆ ಇಲ್ಲಿ ಜಾಗಾ ಐತೇನ್ರಿ?”

“ಐತಲ್ಲೋ ತಮ್ಮಾ! 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆಯಂತೆ ರಸ್ತಾ, ಉದ್ಯಾನ ಪುಕ್ಕಟೆ ಬಿಟ್ಟುಕೊಟ್ಟೀನಿ. ಉದ್ಯಾನದಾಗ ಯಾರರ ಕೂಡಬಹುದು.”

“ಮಲಗಾಕರೀ?”

ಈ ಅಪ್ರಸ್ತುತ ಪ್ರಶ್ನೆಯನ್ನು ಕರ್ಣಗೋಚರವಾಗದಂತೆ ನಿವಾರಿಸಿದ ಮಾಲೀಕರು ನಿಟ್ಟುಸಿರಿಟ್ಟರು: “ಇಂಗ್ಲೆಂಡಿನ್ಯಾಗ 1990ರ ಕಾಯಿದೆಯ 106ನೇ ಕಲಂ ತೋರಿಸಿ ಬಿಲ್ಡರನ ಕಡಿಂದನ ಅಗ್ಗದ ಮನಿ ಕಟ್ಟಿಸ್ತಾರಂತ. ಎಂಥಾ ಅನ್ಯಾಯ!”

“ಅಗ್ಗ ಅಂದ್ರ ಎಷ್ಟರೀ?”

“2019ರಿಂದ ನಮ್ಮ ಜಿಎಸ್‌ಟಿ ಲೆಕ್ಕದಾಗ 45 ಲಕ್ಷದ ತನಕಾ ಅಗ್ಗನ.”

ಗೌಂಡಿಯು ದೀರ್ಘಕಾಲ ಬೆರಳೆಣಿಸಿದನು, ಬೆರಳುಗಳೇ ಮುಗಿದವು.

“ಚಿಂತಿ ಮಾಡಬ್ಯಾಡ,” ಎಂದರು ದಯಾಳುಗಳು, “ನಾಳಿಂದ ಕಟ್ಟಾಕ ಬಾ.”